ಕುಂಡದಲ್ಲೊಂದು ಗಿಡ

ಗಿಡ ನೆಡುವವನ ಬಗ್ಗೆ ನಮ್ಮ ಜನಕ್ಕೆ ಮೊದಲಿನಿಂದಲೂ ಒಂದು ಗೌರವವುಂಟು. ಬೆಳಗ್ಗೆ ಎದ್ದು ಕುಂಡಗಳಿಗೆ ನೀರೆರೆಯುವವನು ಕೆಟ್ಟವನಾಗಿರಲಾರ ಎಂದು ನಂಬುತ್ತೇವೆ. ಗಾಂಜಾ ಕುರಿತ ತಪ್ಪು ತಿಳಿವಳಿಕೆಗಳಿಗೂ ಇದೇ ಗೊಬ್ಬರವೆಂದು ಕಾಣುತ್ತದೆ. ಮಾರಿದರೆ ಅಪರಾಧ, ಸೇದಿದರೆ ದುಶ್ಚಟ. ಬೆಳೆಸಿದರೆ ಮಾತ್ರ ತೋಟಗಾರಿಕೆ!

ನಮ್ಮ ಎದುರುಮನೆಯ ಹುಡುಗ ಎಂಜಿನಿಯರಿಂಗ್ ಓದುತ್ತಾನೆ, ಬುದ್ಧಿವಂತ. ಮೊನ್ನೆ ನನಗೇ ಪಾಠ ಹೇಳಿದ: "ತಾರಸಿ ಮೇಲೆ ಒಂದೇ ಗಿಡ ಇಟ್ಟುಕೊಂಡರೆ ಯಾರೂ ಏನೂ ಮಾಡೋ ಹಾಗಿಲ್ಲ ಅಂಕಲ್. ಒಂದು ಕಿಲೋವರೆಗೆ ಸಣ್ಣ ಪ್ರಮಾಣ."

ಕಿಲೋದ ಮಾತೇನೋ ನಿಜ. ಆದರೆ ಆ ಲೆಕ್ಕ ಕೈಯಲ್ಲಿ ಸಿಕ್ಕ ಗಾಂಜಾದ್ದು. ಅದಕ್ಕೂ 1985ರ ಮಾದಕ ವಸ್ತುಗಳ ಕಾಯ್ದೆಯಲ್ಲಿ ಒಂದು ವರ್ಷದವರೆಗೆ ಸೆರೆ, ಇಲ್ಲವೆ 10,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ ಉಂಟು. ಗಿಡ ಬೆಳೆಸಿದವನಿಗೆ ಅದೇ 20ನೆಯ ಕಲಮು ಹೇಳುವುದೇ ಬೇರೆ: 10 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ. ಗಿಡ ಒಂದೋ ನೂರೋ ಎಂದು ಆ ಕಲಮು ಎಣಿಸುವುದಿಲ್ಲ.

"ಬರೀ ಎಲೆಗೆ ಬೆಳೆಸೋದು", "ಇದು ಗಂಡು ಗಿಡ" ಎಂಬ ಜಾಣತನವೂ ಕೇಳಿಬರುತ್ತದೆ. ಹೂ-ಕಾಯಿಯ ತುದಿ ಸೇರದ ಎಲೆಯನ್ನೂ ಬೀಜವನ್ನೂ ಕಾಯ್ದೆ ಗಾಂಜಾ ಎನ್ನುವುದಿಲ್ಲ, ಸರಿ. ಆದರೆ ಬೆಳೆಸುವುದನ್ನು ನಿಷೇಧಿಸುವಾಗ ಅದು ಇಡೀ ಗಿಡವನ್ನೇ ಹೆಸರಿಸುತ್ತದೆ. ಇನ್ನು ಗಂಡು-ಹೆಣ್ಣಿನ ಮಾತು: ಸಾಮಾನ್ಯವಾಗಿ ಅವು ಬೇರೆ ಬೇರೆ ಗಿಡಗಳೇ, ಅಂಟು, ಅಮಲು ಹೆಚ್ಚಿರುವುದು ಹೆಣ್ಣುಹೂವಿನಲ್ಲಿ. ಆದರೆ ಮೊಗ್ಗು ಕಾಣಿಸುವ ತನಕ ಸಸಿಯ ಮುಖ ನೋಡಿ ಯಾವುದೆಂದು ಹೇಳಲಾಗದು.

ಹೆದರುವವರ ತಪ್ಪು ಮತ್ತೊಂದು ಬಗೆಯದು. ಬೆರಳು ಬಿಡಿಸಿದಂಥ ಎಲೆ ಕಂಡೊಡನೆ ಅವರಿಗೆ ಅನುಮಾನ. ಉತ್ತರ ಕರ್ನಾಟಕದವರು ರೊಟ್ಟಿಯೊಡನೆ ಪಲ್ಯ ಮಾಡಿ ತಿನ್ನುವ ಪುಂಡಿಯ ಒಂದು ಜಾತಿಗೂ ಅಂಥದೇ ಎಲೆ. ಸಸ್ಯಶಾಸ್ತ್ರಜ್ಞರು ಅದಕ್ಕೆ 'ಹಿಬಿಸ್ಕಸ್ ಕ್ಯಾನಬಿನಸ್' ಎಂದು ಹೆಸರಿಟ್ಟದ್ದೇ ಈ ಹೋಲಿಕೆಯಿಂದ. ಅಮಲು ಮಾತ್ರ ಅದರಲ್ಲಿಲ್ಲ.

"ಮನೆಯಲ್ಲೇ ಬೆಳೆದದ್ದು, ಸಹಜವಾದದ್ದು, ಏನೂ ಆಗೋದಿಲ್ಲ" ಎಂಬುದು ಎಲ್ಲಕ್ಕಿಂತ ಹಳೆಯ ಸಮಾಧಾನ. ಉಮ್ಮತ್ತಿಯೂ ಸಹಜವಾದದ್ದೇ, ಅದರ ಹುಳಿ ಮಾಡುವವರಿಲ್ಲ. ಗಾಂಜಾದ ಅಮಲಿಗೆ ಕಾರಣವಾದ ಟಿಎಚ್‌ಸಿಯನ್ನು 1964ರಲ್ಲಿ ಇಸ್ರೇಲಿನ ಗಾವೋನಿ, ಮೆಶುಲಾಮ್ ಬೇರ್ಪಡಿಸಿ ತೋರಿಸಿದರು. ಅದು ಯಾವ ಗಿಡದಲ್ಲಿ ಎಷ್ಟಿದೆ ಎಂಬುದನ್ನು ಕಣ್ಣಳತೆಯಲ್ಲಿ ಹೇಳಲಾಗದು. ಎಳೆಯ ವಯಸ್ಸಿನಲ್ಲಿ ಹೆಚ್ಚು ಬಳಸುವವರಿಗೆ ಚಿತ್ತವಿಕಾರದ ಅಪಾಯ ಹೆಚ್ಚೆಂದು ವೈದ್ಯರು ಎಚ್ಚರಿಸುತ್ತಾರೆ. ಕಲಬೆರಕೆಯಿಲ್ಲ ಎಂದರೆ ಕೇಡಿಲ್ಲ ಎಂದಲ್ಲ.

ಹುಡುಗರಿಗೆ ಈ ಧೈರ್ಯ ಬರುವುದು ಮೊಬೈಲಿನಿಂದ. ಕೆನಡಾದ ಒಕ್ಕೂಟ ಕಾಯ್ದೆ 2018ರಲ್ಲಿ ಮನೆಗೆ 4 ಗಿಡಗಳಿಗೆ ಒಪ್ಪಿತು. ಜರ್ಮನಿ 2024ರಲ್ಲಿ ವಯಸ್ಕರಿಗೆ ತಲಾ 3 ಗಿಡಗಳಿಗೆ ಅನುಮತಿ ಕೊಟ್ಟಿತು. ಸುದ್ದಿ ಕ್ಷಣದಲ್ಲಿ ಕಡಲು ದಾಟುತ್ತದೆ, ಕಾಯ್ದೆ ದಾಟುವುದಿಲ್ಲ.

ನಮ್ಮ ಕಾಯ್ದೆ ಅತಿ ಕಠಿಣವೆನ್ನುವವರಿದ್ದಾರೆ. ಅವರ ಮಾತಿನಲ್ಲಿ ಹುರುಳಿಲ್ಲದಿಲ್ಲ. ಆ ವಾದ ನಡೆಯಲಿ, ಸಂಸತ್ತಿನಲ್ಲೂ ಪತ್ರಿಕೆಗಳಲ್ಲೂ ನಡೆಯಲಿ. ಇಪ್ಪತ್ತರ ಹರೆಯದವನಿಗೆ ಹತ್ತು ವರ್ಷವೆಂದರೆ ಪದವಿ, ಮೊದಲ ಸಂಬಳ, ಮದುವೆ, ತಂದೆತಾಯಿಯ ಮುಪ್ಪಿಗೆ ಆಸರೆ, ಎಲ್ಲವೂ. ಅಷ್ಟನ್ನೂ ಒಂದು ಕುಂಡದಲ್ಲಿ ಹೂಳುವ ಮೊದಲು, ಗೆಳೆಯರ ಮಾತನ್ನು ಬಿಟ್ಟು ಕಾಯ್ದೆಯ ಆ ಎರಡು ಸಾಲನ್ನಾದರೂ ಓದಿಕೊಳ್ಳುವುದು ಒಳ್ಳೆಯದು.