ಕರ್ಚಿಕಾಯಿಯೂ ಕುಂಬಾರನ ಕತ್ತೆಯೂ

ಮುಂಗಾರು ಮಳೆಗೆ ಎರೆಹೊಲಗಳು ನೆನೆದವೆಂದರೆ, ಯಾರೂ ಬಿತ್ತದ ಬಳ್ಳಿಯೊಂದು ನೆಲದೊಳಗಿನ ಗಡ್ಡೆಯಿಂದ ತಾನಾಗಿ ಚಿಗುರುವದು. ಅದರ ಗೀರುಳ್ಳ ಸಣ್ಣ ಕಾಯಿಗೆ ನಮ್ಮ ಕಡೆಗೆ ಕರ್ಚಿಕಾಯಿ ಎನ್ನುವರು. ಕೊಬ್ಬರಿ ಸಕ್ಕರೆಗಳ ಹೂರಣ ತುಂಬಿ ಕರಿದ ದೀಪಾವಳಿಯ ತಿಂಡಿಗೂ ಇದೇ ಹೆಸರು. ಮಧುಮೇಹಿಯಾದ ನನಗೆ ಆ ತಿಂಡಿ ನಿಷಿದ್ಧವಾದ ಮೇಲೆ ಹಾಗಲದ ಕುಲದ ಈ ಕಹಿಗಾಯಿಯ ಮೇಲೆ ಪ್ರೀತಿ ಹುಟ್ಟಿತು.

ಪ್ರೀತಿಗೆ ಆಧಾರವೂ ದೊರೆಯಿತು. ತಿರುಪತಿಯ ಸಂಶೋಧಕರು ಇಲಿಗಳಿಗೆ ಅಲಾಕ್ಸಾನ್ ಎಂಬ ದ್ರವ್ಯದಿಂದ ಮಧುಮೇಹವನ್ನುಂಟುಮಾಡಿ, ಈ ಕಾಯಿಯ ಪುಡಿಯನ್ನು ತಿನ್ನಿಸಿ, ರಕ್ತದ ಸಕ್ಕರೆ ಇಳಿದುದನ್ನು 1999ರಲ್ಲಿ ಪ್ರಕಟಿಸಿದ್ದರು. ಅದನ್ನೋದಿದ ನಾನು ಇಲಿಗೂ ನನಗೂ ಇರುವ ಅಂತರವನ್ನು ಮರೆತೆನು. ಮಧುನಾಶಿನಿಯ ಎಲೆಯನ್ನು ಮೊದಲೇ ಅಗಿದು ನೋಡಿದ್ದೆನು. ಸಕ್ಕರೆ ಬಾಯಲ್ಲಿ ಮರಳಾಗುವದು ನಿಜ. ಆದರೆ ನಾಲಿಗೆಯ ಸಿಹಿ ಅಳಿದ ಮಾತ್ರಕ್ಕೆ ರಕ್ತದ ಸಿಹಿ ಅಳಿಯುವದೆ?

ಶ್ರಾವಣದಲ್ಲಿ ಪ್ರಯೋಗ ಮೊದಲಾಯಿತು. ಬೆಳಿಗ್ಗೆ ಎರಡು ಮೈಲು ನಡೆದು ಕಾಯಿ ಕಿತ್ತು ತರುವದು. ರಾತ್ರಿ ಅನ್ನ ಬಿಟ್ಟು, ಶೇಂಗಾಪುಡಿ ಹಾಕಿದ ಪಲ್ಯದೊಡನೆ ಜೋಳದ ರೊಟ್ಟಿ. ತಿಂಗಳಿಗೆ ಬರಿಹೊಟ್ಟೆಯ ಸಕ್ಕರೆ 168ರಿಂದ 139ಕ್ಕಿಳಿಯಿತು. ನನ್ನ ಹಿಗ್ಗಿಗೆ ಪಾರವಿಲ್ಲ. ವೈದ್ಯರನ್ನು ಕೇಳದೆ, ಮನೆಯವರಿಗೂ ಹೇಳದೆ, ಗುಳಿಗೆಗಳನ್ನು ನಿಲ್ಲಿಸಿಬಿಟ್ಟೆನು.

ಮುಂದೆ ಮಳೆ ಹಿಡಿಯಿತು. ನಡಿಗೆ ನಿಂತಿತು, ಕಾಯಿ ಮಾತ್ರ ಸಂತೆಯಿಂದ ತಪ್ಪದೆ ಬರುತ್ತಿತ್ತು. ಇಪ್ಪತ್ತನೆಯ ದಿನ ಬಾಯಿ ಒಣಗಿ, ಕಣ್ಣು ಮಂಜಾಗಿ, ಹಾಸಿಗೆ ಹಿಡಿದೆನು. ಸಕ್ಕರೆ 251. ಅಮರಕೋಶದ ಹಿಂದೆ ಬಚ್ಚಿಟ್ಟ ಗುಳಿಗೆಗಳು ಅಂದೇ ನನ್ನ ಮಡದಿಯ ಕೈಗೆ ಸಿಕ್ಕವು. “ಕಾಯಿ ತಿನಬ್ಯಾಡ್ರಿ ಅಂತ ನಾ ಅಂದಿದ್ದಿಲ್ಲ. ಗುಳಿಗಿ ಬಿಡ್ರಿ ಅಂತ ಯಾರ ಹೇಳಿದ್ರು?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಅಡಿಗೆಮನೆಗೆ ಹೋಗಿ ಅತ್ತಳು. ಅವಳ ಅಣ್ಣನು ಇದೇ ರೋಗದಿಂದ ಕಾಲು ಕಳೆದುಕೊಂಡವನು.

ಪಾಠಶಾಲೆಯಲ್ಲಿ ತರ್ಕಸಂಗ್ರಹವನ್ನು ಬಾಯಿಪಾಠ ಮಾಡಿದವನು ನಾನು. ಮಣ್ಣು ಹೊತ್ತ ಕತ್ತೆಯು ಗಡಿಗೆ ಹುಟ್ಟುವಲ್ಲಿ ಬಂದು ನಿಂತರೂ ಅದು ಗಡಿಗೆಗೆ ಕಾರಣವಲ್ಲ, ಅನ್ಯಥಾಸಿದ್ಧ, ಎಂದು ಎಷ್ಟೋ ಹುಡುಗರಿಗೆ ಹೇಳಿಕೊಟ್ಟವನು. ಮೊದಲ ತಿಂಗಳಲ್ಲಿ ಕಾಯಿಯೊಡನೆ ನಡಿಗೆಯಿತ್ತು, ಗುಳಿಗೆಯಿತ್ತು, ಅನ್ನ ತಪ್ಪಿತ್ತು. ಎರಡನೆಯದರಲ್ಲಿ ಕಾಯಿ ಇದ್ದೂ ಸಕ್ಕರೆ ಏರಿತು. ಹಾಗಾದರೆ ಕಾಯಿಯೊಂದೇ ಸಾಲದೆಂಬುದು ಸಿದ್ಧ. ಮೊದಲ ತಿಂಗಳಲ್ಲಿ ಅದು ಕುಂಬಾರನೋ ಕತ್ತೆಯೋ ಎಂಬುದು ನನ್ನ ಪ್ರಯೋಗದಿಂದ ತಿಳಿಯುವಂತಿಲ್ಲ. ಹಲವನ್ನು ಒಮ್ಮೆಗೇ ಬದಲಿಸಿದವನಿಗೆ ಯಾವ ಉತ್ತರವೂ ದೊರೆಯದು.

ವೈದ್ಯರು ಬೈಯಲಿಲ್ಲ. ಪಲ್ಯ ಉಣ್ಣಿರಿ, ಆದರೆ ಗುಳಿಗೆಯೊಡನೆ ಸಕ್ಕರೆ ತೀರ ಇಳಿಯಲೂಬಹುದು, ಆಗಾಗ ಪರೀಕ್ಷಿಸಿಕೊಳ್ಳಿರಿ ಎಂದರು. ಗಡ್ಡೆಯನ್ನು ಮಾತ್ರ ಯಾರೂ ತಿನ್ನಲಾಗದು. ಗರ್ಭ ಇಳಿಸಲು ಅದನ್ನು ಬಳಸುವ ರೂಢಿ ಹಳ್ಳಿಗಳಲ್ಲಿ ಉಂಟು.

ಈ ವರ್ಷವೂ ಮಳೆಯಾಗಿದೆ. ನಿನ್ನೆ ಮಡದಿ ತಾನೇ ಪಾವು ಕಿಲೋ ಕರ್ಚಿಕಾಯಿ ತಂದಳು. ತಾಟಿನಲ್ಲಿ ರೊಟ್ಟಿ, ಪಲ್ಯ. ಪಕ್ಕದ ಬಟ್ಟಲಲ್ಲಿ ಗುಳಿಗೆ. ನಾನು ನುಂಗುವವರೆಗೆ ಅವಳು ಎದುರಿನಿಂದ ಏಳಲಿಲ್ಲ.