ಕೊಟ್ಟಿಗೆ ಗೋಡೆಯ ಥಂಡಿ

ಹೋದ ವರ್ಷ ಪುಷ್ಯ ಮಳೆ ಹಿಡಿದಾಗ ಹಿಂದಿನ ಕೊಟ್ಟಿಗೇಲಿದ್ದ ಟ್ರಂಕು ತೆಗೆದೆ. ಅತ್ತೆಯೋರು ಕೈಯಾರೆ ಬರೆದಿಟ್ಟ ಹಾಡಿನ ಪಟ್ಟಿ ಅದರೊಳಗಿತ್ತು. ಹಾಳೆ ಒಂದಕ್ಕೊಂದು ಅಂಟಿ, ಶಾಯಿ ಹರಡಿ, ಬೂಷ್ಟು ಹಿಡಿದಿತ್ತು. ಹಸೆಗೆ ಕರೆಯೋ ಹಾಡಂತೂ ಪೂರ್ತಿ ಹೋಗಿತ್ತು. ಕೇಳಿ ಬರ್ಕಣಣ ಅಂದ್ರೆ ಅತ್ತೆಯೋರು ಈಗಿಲ್ಲ. ಆವತ್ತು ಊಟ ಸೇರ್ಲಿಲ್ಲ ನಂಗೆ.

ದನ ಕಟ್ಟದು ಬಿಟ್ಟ ಮೇಲೆ ಆ ಕೊಟ್ಟಿಗೆನೇ ನಮ್ಮ ಉಗ್ರಾಣ. ಜಂಬಿಟ್ಟಿಗೆ ಗೋಡೆ, ಹಂಚಿನ ಮಾಡು. ಥಂಡಿ ಮೊದಲಿಂದ್ಲೂ ಇತ್ತು, ಮೊಣಕಾಲುದ್ದ. ಮೂರು ವರ್ಷದ ಹಿಂದೆ ಗಾರೆ ಕೆಲಸದವರೊಬ್ರ ಮಾತು ಕೇಳಿ ಮಣ್ಣಿನ ಗಿಲಾವು ಕೆರೆಸಿ, ಒಳಗೆ ಹೊರಗೆ ಸಿಮೆಂಟು ಬಳಿಸಿ, ವಾಟರ್‌ಪ್ರೂಫ್ ಪೇಂಟು ಹೊಡೆಸಿದ್ವಿ. 22 ಸಾವಿರ! ಮೊದಲ ಮಳೆಗಾಲ ಚಂದ ಇತ್ತು. ಎರಡನೇದಕ್ಕೆ ಪೇಂಟು ಗುಳ್ಳೆ ಎದ್ದು, ಉಪ್ಪು ಒಡೆದು, ಥಂಡಿ ಎದೆಮಟ್ಟಕ್ಕೆ ಏರಿತು.

ಈ ಸಲ ಅಡಿಕೆಗೆ ಕೊಳೆ ಬಂದು ಕೈಲಿ ದುಡ್ಡಿಲ್ಲ. "ಐದು ಸಾವಿರದೊಳಗೆ ಆಗದಾದ್ರೆ ಮಾಡು" ಅಂದ್ರು ಇವ್ರು. ನಾನು ಮೊದಲು ಒಂದಡಿ ಪ್ಲಾಸ್ಟಿಕ್ ಹಾಳೆನ ಗೋಡೆಗೆ ಒತ್ತಿ, ಸುತ್ತ ಟೇಪು ಅಂಟಿಸಿ ಎರಡು ದಿನ ಬಿಟ್ಟೆ. ಹಾಳೆಯ ಹೊರಮೈ ಬೆವರಿದ್ರೆ ಒಳಗೆ ಗಾಳಿ ಸಾಲ್ತಿಲ್ಲ ಅಂತ. ಗೋಡೆ ಕಡೆ ಬೆವರಿದ್ರೆ ನೀರು ಗೋಡೆಯೊಳಗಿಂದ್ಲೇ ಬರ್ತಿದೆ ಅಂತ. ನಮ್ದು ಗೋಡೆ ಕಡೆನೇ.

ಮಳೆ ಹೊಯ್ಯೋವಾಗ ಕೊಡೆ ಹಿಡ್ಕಂಡು ಹಿತ್ಲಕಡೆ ಹೋಗಿ ನಿಂತೆ. ಸೂರಿನ ನೀರು ಗೋಡೆ ಬುಡಕ್ಕೇ ಬಿದ್ದು ಸಿಡೀತಿತ್ತು. ಹೊರಗಿನ ಮಣ್ಣು ಒಳಗಿನ ನೆಲಕ್ಕಿಂತ ಒಂದೂವರೆ ಅಡಿ ಎತ್ತರ. ಒಲೆ ಬೂದಿ, ಗುಡಿಸಿದ ಕಸ, ಮಣ್ಣು ಎಲ್ಲ ಮೂವತ್ತು ವರ್ಷ ಅಲ್ಲೇ ಸುರಿದವಳು ಮತ್ಯಾರೂ ಅಲ್ಲ, ನಾನೇ! ಬತ್ತಿ ಎಣ್ಣೆ ಎಳೆದ ಹಾಗೆ ಜಂಬಿಟ್ಟಿಗೆ ನೀರು ಎಳೀತದೆ. ಮೊದಲು ಅದು ಮಣ್ಣಿನ ಗಿಲಾವಿನಿಂದ ಹೊರಗೆ ಆರಿ ಹೋಗ್ತಿತ್ತು. ಸಿಮೆಂಟು ಬಂದ ಮೇಲೆ ದಾರಿ ಕಟ್ಟಿ ಮೇಲೆ ಹತ್ತಿತು.

ಸಂಕ್ರಾಂತಿ ಕಳೆದ ಮೇಲೆ ಇಬ್ಬರು ಆಳು, ಎರಡು ದಿನ. ಮಣ್ಣನ್ನ ಒಳಗಿನ ನೆಲಕ್ಕಿಂತ ಅರ್ಧ ಅಡಿ ಕೆಳಗಿನವರೆಗೆ ತೆಗೆಸಿದೆ. ಅದಕ್ಕಿಂತ ಅಗೆದ್ರೆ ಅಡಿಪಾಯ ಸಡಿಲ ಆಗ್ತದೆ. ಗೋಡೆಯಿಂದ ಮೂರಡಿ ದೂರದಲ್ಲಿ, ತೋಟದಲ್ಲಿ ಮಾಡಿದ ಹಾಗೇ, ಇಳಿಜಾರಿಗೆ ಬಸಿಗಾಲುವೆ ಹೊಡೆಸಿ ಒಡೆದ ಹಂಚು ತುಂಬಿಸಿದ್ವಿ. ಆರಿಂಚಿನ ಪೈಪು ಉದ್ದಕ್ಕೆ ಸೀಳಿ ಸೂರಿಗೆ ಕಟ್ಟಿದ್ದು ಇವ್ರು. ಕೂಲಿ 2,400, ಪೈಪು 1,100, ಸುಣ್ಣ, ಮರಳು 800.

ಸಿಮೆಂಟು ಕೆತ್ತಿದ್ದು ನಾನು, ದಿನಾ ಸಂಜೆ ಸ್ವಲ್ಪ ಸ್ವಲ್ಪ. ಉಳಿಗೆ ಮೆಲ್ಲಗೆ ಹೊಡೀಬೇಕು, ಇಲ್ದಿದ್ರೆ ಕಲ್ಲೇ ಕಿತ್ತು ಬರ್ತದೆ. ಉಪ್ಪನ್ನ ಒಣಬ್ರಷ್ಷಲ್ಲಿ ಉಜ್ಜಿ ಗುಡಿಸಿ ಹೊರಗೆ ಹಾಕಿ. ತೊಳೆದ್ರೆ ಮತ್ತೆ ಗೋಡೆಯೊಳಗೇ ಹೋಗ್ತದೆ. ಯುಗಾದಿವರೆಗೂ ಗೋಡೆ ಬತ್ತಲೆ ಬಿಟ್ಟು ಒಣಗಿಸಿದೆ. ನೋಡಿದವ್ರೆಲ್ಲ "ಎಂತ ಮಾರಾಯ್ತಿ, ಗೋಡೆ ಕೆಡವ್ತೀಯಾ?" ಅಂತ ಕೇಳದು. ಆಮೇಲೆ ಸಂದಿಗೆ ಒಂದು ಪಾಲು ಸುಣ್ಣ, ಮೂರು ಪಾಲು ಮರಳು ಕಲೆಸಿ ತುಂಬಿ, ಮೇಲೆ ಮೂರು ಸಲ ಸುಣ್ಣ ಬಳಿದೆ. ಸುಣ್ಣದ ಕಲ್ಲು ನೆನೆ ಹಾಕೋವಾಗ ಹುಷಾರು, ಕೊತಕೊತ ಕುದೀತದೆ. ನೀರಿಗೆ ಸುಣ್ಣ ಹಾಕಬೇಕು, ಸುಣ್ಣಕ್ಕೆ ನೀರಲ್ಲ. ಪ್ಲಾಸ್ಟಿಕ್ ಬಕೀಟು ಬೇಡ. ಕಣ್ಣಿಗೆ ಹಾರದ ಹಾಗೆ ಮುಖ ದೂರ ಇಟ್ಕಳ್ಳಿ, ಮಕ್ಕಳನ್ನ ಹತ್ರ ಬಿಡಬೇಡಿ.

ಈ ವರ್ಷ ಆರಿದ್ರೆ, ಪುನರ್ವಸು ಎರಡೂ ಹೊಯ್ದ್ವು. ಬುಡದಲ್ಲಿ ಒಂದು ಗೇಣು ಇನ್ನೂ ಕಪ್ಪಾಗ್ತದೆ, ಬಿಸಿಲು ಬಂದು ಕಿಟಕಿ ತೆಗೆದ್ರೆ ಆರ್ತದೆ. ಅದರ ಮೇಲೆ ಒಣ. ಟ್ರಂಕು ಈಗ ಹಲಗೆ ಮೇಲೆ, ಗೋಡೆಯಿಂದ ಒಂದು ಗೇಣು ಈಚೆ.

ಪಟ್ಟಿಯ ಹಾಳೆಗಳನ್ನ ನೆರಳಲ್ಲಿ ಒಣಗಿಸಿ ಬಿಡಿಸಿದೆ. ಹನ್ನೊಂದು ಹಾಡು ಸಿಕ್ಕಿತು, ಬೇರೆ ಪಟ್ಟಿಗೆ ಇಳಿಸಿದ್ದೀನಿ. ಹಸೆಗೆ ಕರೆಯೋ ಹಾಡು ಅತ್ತೆಯೋರ ಜೊತೆ ಹೇಳಿದವ್ರು ನಿಮ್ಮಲ್ಲಿ ಯಾರಾದ್ರೂ ಇದ್ರೆ ತಿಳಿಸಿ, ನಾನೇ ಬಂದು ಬರ್ಕಂಡು ಹೋಗ್ತೀನಿ.