ಮುಟ್ಲಾ ಅಂತ ಕೇಳು

ಆಲೂರಿನಿಂದ ಸಕಲೇಶಪುರದ ಕಡೆ ಹೋಗುವ ಹೆದ್ದಾರಿ ಬಿಟ್ಟು ಒಳಗೆ ತಿರುಗಿದರೆ ಕಾಫಿ ತೋಟ, ನಡುನಡುವೆ ಗದ್ದೆ. ಆಷಾಢದ ಜಿಟಿಜಿಟಿ ಮಳೆ. ಅಂಗನವಾಡಿಯ ಬಾಗಿಲಲ್ಲಿ ಪುಟ್ಟ ಚಪ್ಪಲಿಗಳು, ಒಳಗೆ ಕ್ಷೀರಭಾಗ್ಯದ ಹಾಲು ಕಾಯುತ್ತಿರುವ ವಾಸನೆ. ಬನ್ನಿ, ಚಾಪೆಯ ಮೇಲೆ ಕೂರಿ.

ಮೊಮ್ಮಗನನ್ನು ಬಿಡಲು ಬಂದ ಅಜ್ಜಿ ಪಕ್ಕದ ಮನೆಯ ಹುಡುಗಿಯ ಕೆನ್ನೆ ಹಿಡಿದು, "ಎಲ್ಲಿ, ಅಜ್ಜಿಗೊಂದು ಮುತ್ತು ಕೊಡು" ಅನ್ನುತ್ತಾರೆ. ಹುಡುಗಿ ಮುಖ ತಿರುಗಿಸುತ್ತಾಳೆ. "ಬಿಡಿ ಅಜ್ಜಿ, ಅವಳಿಗೆ ಬೇಡ್ವಂತೆ. ಟಾಟಾ ಮಾಡ್ತಾಳೆ" ಎನ್ನುತ್ತಾರೆ ಟೀಚರ್. ಹುಡುಗಿ ಕೈ ಬೀಸುತ್ತಾಳೆ. ಅಜ್ಜಿಯೂ ನಕ್ಕು ಕೈ ಬೀಸುತ್ತಾರೆ. ಪ್ರೀತಿಗೇನೂ ಕಡಿಮೆಯಾಗಲಿಲ್ಲ, ಮಗುವಿನ ಮಾತೂ ನಡೆಯಿತು.

ಟೀಚರ್ ಬೋರ್ಡಿನ ಮೇಲೆ ಗೊಂಬೆ ಬರೆಯುತ್ತಾರೆ. ತುಟಿ, ಎದೆ, ಕಾಲುಗಳ ನಡುವೆ, ಹಿಂಭಾಗ: ಸೀಮೆಸುಣ್ಣ ಒಂದೊಂದು ಕಡೆ ನಿಲ್ಲುತ್ತದೆ.

"ಇಲ್ಲೆಲ್ಲ ಯಾರೂ ಮುಟ್ಟಂಗಿಲ್ಲ. ಸ್ನಾನ ಮಾಡಿಸೋವಾಗ ಅಮ್ಮ, ಹುಷಾರಿಲ್ದಾಗ ಅಮ್ಮನ ಮುಂದೆ ಡಾಕ್ಟ್ರು, ಅಷ್ಟೇ. ಬೇರೆಯವ್ರು ಮುಟ್ಟಿದ್ರೆ?"

"ಬ್ಯಾಡ!"

"ಆಮೇಲೆ?"

"ಓಡೋದು! ಅಮ್ಮಂಗೆ ಹೇಳೋದು!"

"ಯಾರಿಗೂ ಹೇಳ್ಬೇಡ ಅಂದಿದ್ರೆ?"

ಮಕ್ಕಳು ಮುಖಮುಖ ನೋಡಿಕೊಳ್ಳುತ್ತಾರೆ.

"ಆಗಂತೂ ಹೇಳ್ಲೇಬೇಕು. ಅಮ್ಮ ಕೇಳ್ಲಿಲ್ವಾ, ನನ್ಗೆ ಹೇಳಿ."

ಗೋಡೆಗೆ ಒರಗಿ ಕೂತ ಹುಡುಗನ ಮೊಣಕೈ ಮೇಲೆ ಬಿಳಿ ಮಚ್ಚೆಗಳಿವೆ. ಪಕ್ಕದವನ ಬೆರಳು ಅತ್ತ ಚಾಚುತ್ತದೆ. "ಮಿಸ್, ಇದು ಅಂಟತ್ತಾ?"

"ಇಲ್ಲಪ್ಪ, ತೊನ್ನು ಅಂಟಲ್ಲ. ಅಲ್ಲಿ ಚರ್ಮಕ್ಕೆ ಬಣ್ಣ ಬರೋದು ನಿಂತಿದೆ, ಅಷ್ಟೇ. ಮುಟ್ಬೇಕಾ? ಅವನ್ನೇ ಕೇಳು."

"ಮುಟ್ಲಾ?"

"ಬ್ಯಾಡ."

ಚಾಚಿದ ಬೆರಳು ಮಡಿಚಿಕೊಳ್ಳುತ್ತದೆ. ಒಂದು ಗಳಿಗೆ ಇಬ್ಬರೂ ಸುಮ್ಮನೆ. ಆಮೇಲೆ ಅದೇ ಕೈ ಮರದ ತುಂಡುಗಳನ್ನು ಅವನತ್ತ ತಳ್ಳುತ್ತದೆ, ಇಬ್ಬರೂ ಮನೆ ಕಟ್ಟಲು ಶುರುಮಾಡುತ್ತಾರೆ.

ನನ್ನ ಮೈ ನನ್ನದು ಎಂಬುದೂ, ನನ್ನಂತಿಲ್ಲದವನ ಮೈ ಅವನದು ಎಂಬುದೂ ಬೇರೆಬೇರೆ ಪಾಠಗಳಲ್ಲ. ತನ್ನ ಮಾತಿಗೆ ಬೆಲೆ ಸಿಕ್ಕ ಮಗುವೇ ಇನ್ನೊಬ್ಬರ ಮಾತಿಗೆ ಬೆಲೆ ಕೊಡುತ್ತದೆ.

2012ರ ಪೋಕ್ಸೋ ಕಾಯ್ದೆ ಲೈಂಗಿಕ ದೌರ್ಜನ್ಯದಿಂದ 18 ವರ್ಷದೊಳಗಿನ ಪ್ರತಿ ಮಗುವಿನ ರಕ್ಷಣೆಗಿದೆ. ದೌರ್ಜನ್ಯ ಗೊತ್ತಿದ್ದೂ ತಿಳಿಸದೆ ಇರುವುದನ್ನೂ ಅದು ಅಪರಾಧ ಎನ್ನುತ್ತದೆ. ಮಕ್ಕಳ ಸಹಾಯವಾಣಿ 1098 ಹಗಲೂ ರಾತ್ರಿ ತೆರೆದಿರುತ್ತದೆ. ಆದರೆ ಇದೆಲ್ಲ ಉಪಯೋಗಕ್ಕೆ ಬರಬೇಕಾದರೆ ಮೊದಲು ಮಗು ಬಾಯಿಬಿಡಬೇಕು. ಮನೆಯಲ್ಲಿ 'ಬೇಡ' ಅಂದಾಗಲೆಲ್ಲ ಗದರಿಸಿಕೊಂಡ ಮಗು ಯಾರ ಹತ್ತಿರ ಬಾಯಿಬಿಟ್ಟೀತು? ಅದು ಬಂದು ಹೇಳಿದ ದಿನ 'ನೀನೇನು ಮಾಡಿದೆ' ಎಂದು ಕೇಳಬೇಡಿ. ಮೊದಲು ನಂಬಿ.